ಎರವಲು ಚರ್ಮ ಉದುರದೆ ನಿಂತಾಗ

ಯುದ್ಧದ ಕಾಲ. ಗ್ಲಾಸ್ಗೊದ ರಾಯಲ್ ಇನ್‌ಫರ್ಮರಿಗೆ ಒಬ್ಬ ತರುಣಿಯನ್ನು ತಂದರು. ಕೋಣೆ ಬೆಚ್ಚಗಿಡುವ ಗ್ಯಾಸ್ ಒಲೆಯ ಮೇಲೆ ಬಿದ್ದು ಮೈ ಸುಟ್ಟುಕೊಂಡಿದ್ದಳು. ಶಸ್ತ್ರವೈದ್ಯ ಥಾಮಸ್ ಗಿಬ್ಸನ್, ಪ್ರಾಣಿವಿಜ್ಞಾನಿ ಪೀಟರ್ ಮೆಡಾವರ್ ಇಬ್ಬರೂ ಸೇರಿ ಅವಳ ಸಹೋದರನ ಚರ್ಮದ ಚೂರುಗಳನ್ನು ಗಾಯದ ಮೇಲೆ ಕೂರಿಸಿದರು. ಮೊದಲು ಹಿಡಿದ ಚೂರುಗಳು ಆಮೇಲೆ ನಾಶವಾದವು. ಹದಿನೈದು ದಿನ ಬಿಟ್ಟು ಕೂರಿಸಿದ ಎರಡನೆಯ ಕಂತು ಇನ್ನೂ ಬೇಗ ಹೋಯಿತು. ಪರಕೀಯ ಚರ್ಮವನ್ನು ದೇಹ ಗುರುತಿಟ್ಟುಕೊಂಡು ತಳ್ಳುತ್ತದೆ ಎಂಬ ತೀರ್ಮಾನ 1943ರಲ್ಲಿ ಅಚ್ಚಾಯಿತು. ಕಸಿ ವಿಜ್ಞಾನದ ಬುನಾದಿ ಬಿದ್ದದ್ದು ಸುಟ್ಟಗಾಯದ ಹಾಸಿಗೆಯ ಬಳಿ. 1960ರಲ್ಲಿ ಮೆಡಾವರ್‌ಗೆ ನೊಬೆಲ್ ಬಂತು.

ಆದರೆ ಅದೇ ಹಾಸಿಗೆ ಇನ್ನೊಂದು ಗುಟ್ಟನ್ನೂ ಇಟ್ಟುಕೊಂಡಿತ್ತು. ಮೈಯ ಬಹುಭಾಗ ಸುಟ್ಟವರಲ್ಲಿ ಎರವಲು ಚರ್ಮ ಲೆಕ್ಕ ತಪ್ಪಿ ಹೆಚ್ಚು ದಿನ ನಿಲ್ಲುತ್ತಿತ್ತು. ನ್ಯೂಯಾರ್ಕ್‌ನ ಫೆಲಿಕ್ಸ್ ರಾಪಪೋರ್ಟ್ ಮತ್ತು ಸಂಗಡಿಗರು 1964ರಲ್ಲಿ ಇದನ್ನು ಬಿಡಿಸಿ ಬರೆದರು. ಶಸ್ತ್ರವೈದ್ಯರಿಗೆ ಇದು ಅನುಕೂಲವೇ, ರೋಗಿಗಲ್ಲ. ಬೇರೆಯವರ ಚರ್ಮವನ್ನು ತಳ್ಳಲಾರದ ಮೈಗೆ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾವನ್ನು ತಳ್ಳುವ ಕಸುವೂ ಇರುವುದಿಲ್ಲ. ಬೆಂಕಿಯಿಂದ ಬದುಕಿ ಬಂದವರು ಎರಡನೆಯ ವಾರದಲ್ಲಿ ನಂಜೇರಿ ಸಾಯುತ್ತಿದ್ದುದನ್ನು ವಾರ್ಡಿನ ದಾದಿಯರು ವಿಜ್ಞಾನಿಗಳಿಗಿಂತ ಮೊದಲೇ ಬಲ್ಲರು.

ತಳ್ಳುವ ಕೆಲಸ ಯಾರದೆಂಬುದೇ ಆಗಷ್ಟೇ ತಿಳಿಯುತ್ತಿತ್ತು. ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿ ಕೆಲಸಕ್ಕೆ ಬಾರದ್ದೆಂಬ ನಂಬಿಕೆಯನ್ನು ಜ್ಯಾಕ್ ಮಿಲ್ಲರ್ 1961ರಲ್ಲಿ ಅಳಿಸಿಹಾಕಿದರು. ಅಲ್ಲಿ ಪಳಗಿ ಹೊರಬರುವ ಬಿಳಿರಕ್ತಕಣಗಳಿಗೆ ಆ ದಶಕದ ಕೊನೆಗೆ ಟಿ ಕೋಶ ಎಂಬ ಹೆಸರು ನಿಂತಿತು.

ಈ ಕೋಶಗಳ ಕಸುವನ್ನು ಅಳೆದ ಬಗೆ ನನಗೆ ಬಹಳ ಇಷ್ಟ. ನಾವು ಪಲ್ಯ ಮಾಡುವ ರಾಜ್ಮಾ ಕಾಳಿನ ಸಾರದಲ್ಲಿ ಒಂದು ಪ್ರೋಟೀನ್ ಇದೆ. ಆರೋಗ್ಯವಂತರ ಬಿಳಿರಕ್ತಕಣಗಳ ಮೇಲೆ ಅದನ್ನು ಹಾಕಿ ಬೆಚ್ಚಗಿಟ್ಟರೆ ಟಿ ಕೋಶಗಳು ಕೆರಳಿ, ಉಬ್ಬಿ, ಮೂರು ದಿನದೊಳಗೆ ಇಬ್ಭಾಗವಾಗತೊಡಗುತ್ತವೆ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ತೋರಿಸಿದ ಈ ಉಪಾಯ ಮುಂದೆ ಬರ್ನ್ಸ್ ವಾರ್ಡಿಗೂ ಬಂತು. ತೀವ್ರವಾಗಿ ಸುಟ್ಟವರ ಕೋಶಗಳು ಅದೇ ಸಾರ ಕಂಡೂ ಮಂಕಾಗಿ ಕೂತವು. ಇನ್ನೂ ವಿಚಿತ್ರವೆಂದರೆ, ಆ ರೋಗಿಗಳ ರಕ್ತದ ಸೀರಮ್ ಬೆರೆಸಿದರೆ ಆರೋಗ್ಯವಂತರ ಕೋಶಗಳೂ ಮಂಕಾಗುತ್ತಿದ್ದವು. ಸುಟ್ಟ ಚರ್ಮದಲ್ಲೇ ವಿಷ ಹುಟ್ಟುತ್ತದೆಂದು ಹಲವರು ಅದರ ಬೆನ್ನುಹತ್ತಿದರು. ಕೈಗೆ ಸಿಕ್ಕಿದ್ದು ಒಬ್ಬ ಕಳ್ಳನಲ್ಲ, ಒಂದು ಗುಂಪು. ಒತ್ತಡದ ಹಾರ್ಮೋನ್ ಕಾರ್ಟಿಸಾಲ್, ಮ್ಯಾಕ್ರೊಫೇಜ್ ಕೋಶಗಳು ಸುರಿಸುವ ಪ್ರೊಸ್ಟಗ್ಲಾಂಡಿನ್ ಇ2, ಕೋಶಗಳ ನಡುವೆ ಸಂದೇಶ ಸಾಗಿಸುವ ಪ್ರೋಟೀನ್ ಇಂಟರ್‌ಲ್ಯೂಕಿನ್-10 ಎಲ್ಲವೂ ಅದರಲ್ಲಿದ್ದವು.

1984ರಲ್ಲಿ ಬಾಸ್ಟನ್ನಿನ ಜಾನ್ ಮ್ಯಾನಿಕ್ ಅವರ ತಂಡ ಕೊರತೆಯನ್ನು ಖಚಿತವಾಗಿ ಗುರುತಿಸಿತು. ಟಿ ಕೋಶ ತನ್ನ ಸಂತತಿ ಹೆಚ್ಚಿಸಿಕೊಳ್ಳಲು ತಾನೇ ತಯಾರಿಸಿಕೊಳ್ಳಬೇಕಾದ ಇಂಟರ್‌ಲ್ಯೂಕಿನ್-2 ಈ ರೋಗಿಗಳಲ್ಲಿ ಸಾಲುತ್ತಿರಲಿಲ್ಲ. ಅದೇ ಬಾಸ್ಟನ್ ಬಳಗ 1995ರಲ್ಲಿ ಇನ್ನೊಂದು ಮಾತು ಹೇಳಿತು: ದೊಡ್ಡ ಗಾಯದ ನಂತರ, ಕೋಶಗಳನ್ನು ಕಾಳಗಕ್ಕೆ ಹುರಿದುಂಬಿಸುವ ಮೊದಲ ಬಗೆಯ ಸಹಾಯಕ ಟಿ ಕೋಶಗಳು ಹಿಂದೆ ಸರಿದು ಎರಡನೆಯ ಬಗೆಯವು ಮೇಲುಗೈ ಪಡೆಯುತ್ತವೆ. ಅವರ ಪ್ರಯೋಗದಲ್ಲಿ, ಮೊದಲ ಬಗೆಯನ್ನು ಚುರುಕುಗೊಳಿಸುವ ಇಂಟರ್‌ಲ್ಯೂಕಿನ್-12 ಪಡೆದ ಸುಟ್ಟ ಇಲಿಗಳು ನಂಜನ್ನು ಹೆಚ್ಚು ತಾಳಿಕೊಂಡವು. ಚಿತ್ರ ಅಚ್ಚುಕಟ್ಟಾಗಿತ್ತು. ಮನುಷ್ಯರಲ್ಲಿ ಅಷ್ಟು ಅಚ್ಚುಕಟ್ಟಾಗಿ ಕಾಣಲಿಲ್ಲ.

ನಡುವೆ ಒಂದು ತಮಾಷೆಯೂ ನಡೆಯಿತು. 1970ರ ದಶಕದಲ್ಲಿ ‘ದಮನಕಾರಿ ಟಿ ಕೋಶ’ಗಳೇ ಎಲ್ಲಕ್ಕೂ ಕಾರಣ ಎಂಬ ವಾದ ಜೋರಾಗಿತ್ತು. ಮುಂದಿನ ದಶಕದಲ್ಲಿ ಪುರಾವೆ ಕುಸಿದು, ಆ ಹೆಸರೆತ್ತಿದರೆ ಸಭೆಯಲ್ಲಿ ನಗುವಂತಾಯಿತು. 1995ರಲ್ಲಿ ಜಪಾನಿನ ಶಿಮೊನ್ ಸಾಕಾಗುಚಿ ‘ನಿಯಂತ್ರಕ ಟಿ ಕೋಶ’ವನ್ನು ಗುರುತಿಸಿದ ಮೇಲೆ, ನಕ್ಕವರೇ ಸುಟ್ಟ ಇಲಿಗಳಲ್ಲಿ ಅದನ್ನು ಹುಡುಕಿದರು. ಗಾಯದ ನಂತರ ಈ ಕೋಶಗಳು ಚುರುಕಾಗುತ್ತವೆಂಬುದು 2006ರ ಹೊತ್ತಿಗೆ ಗೊತ್ತಾಯಿತು. ಅವು ಶತ್ರುಗಳೆಂದು ನನಗನಿಸುವುದಿಲ್ಲ. ಇಷ್ಟೊಂದು ಅಂಗಾಂಶ ಸುಟ್ಟು ಚೆಲ್ಲಾಡಿದಾಗ ದೇಹ ತನ್ನ ಮೇಲೇ ತಾನು ಎರಗದಂತೆ ಯಾರಾದರೂ ಕಡಿವಾಣ ಹಿಡಿಯಬೇಕಲ್ಲ.

ಮೊದಲು ಉರಿಯೂತ, ಆಮೇಲೆ ಟಿ ಕೋಶಗಳ ಸೋಲು ಎಂಬ ಪಾಠಪುಸ್ತಕದ ಕ್ರಮ 2011ರಲ್ಲಿ ಮುರಿಯಿತು. ಅಮೆರಿಕದ ದೊಡ್ಡದೊಂದು ಅಧ್ಯಯನ ಸುಟ್ಟಗಾಯ ಮತ್ತು ಅಪಘಾತದ ರೋಗಿಗಳ ಬಿಳಿರಕ್ತಕಣಗಳ ವಂಶವಾಹಿಗಳನ್ನು ಅಳೆದಾಗ ಶೇ. 80ಕ್ಕೂ ಹೆಚ್ಚು ವಂಶವಾಹಿಗಳ ಕೆಲಸ ಏರುಪೇರಾಗಿತ್ತು. ಉರಿಯೂತ ಏರುವುದೂ ಟಿ ಕೋಶಗಳ ವಂಶವಾಹಿಗಳು ತಗ್ಗುವುದೂ ಜೊತೆಜೊತೆಗೇ ನಡೆದಿದ್ದವು. 2013ರಲ್ಲಿ ಅದೇ ಬಳಗ, ಇಲಿಯ ಪ್ರತಿಕ್ರಿಯೆಗೂ ಮನುಷ್ಯನದಕ್ಕೂ ತಾಳೆಯಿಲ್ಲ ಎಂದಿತು. ಅದೇ ಅಂಕಿಅಂಶಗಳನ್ನು ಬೇರೆ ಬಗೆಯಲ್ಲಿ ಜರಡಿ ಹಿಡಿದ ಜಪಾನಿನ ಇಬ್ಬರು, ಚೆನ್ನಾಗಿಯೇ ತಾಳೆಯಾಗುತ್ತದೆ ಎಂದರು. ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ.

ಈಗಿನ ನಿರೀಕ್ಷೆ ದಣಿದ ಟಿ ಕೋಶಗಳ ಮೇಲಿನ ಪಿಡಿ-1 ಎಂಬ ಬ್ರೇಕಿನ ಮೇಲೆ. ಕ್ಯಾನ್ಸರಿನಲ್ಲಿ ಅದನ್ನು ಸಡಿಲಿಸುವ ಔಷಧ ಗೆದ್ದಿದೆ. ಸುಟ್ಟ ಇಲಿಗಳಲ್ಲೂ ಈ ದಾರಿಯ ಔಷಧ ಸೂಡೊಮೊನಾಸ್ ಸೋಂಕನ್ನು ತಡೆದಿದೆ. ರೋಗಿಯ ಹಾಸಿಗೆಯವರೆಗೆ ಮಾತ್ರ ಬಂದಿಲ್ಲ.

ಹಾಗಾದರೆ ಇಷ್ಟು ವರ್ಷಗಳಲ್ಲಿ ರೋಗಿಯನ್ನು ಉಳಿಸಿದ್ದು ಏನು? ನನ್ನ ಲೆಕ್ಕದಲ್ಲಿ ಔಷಧಕ್ಕಿಂತ ಹೆಚ್ಚಾಗಿ ಕತ್ತಿ. ಸ್ಲೊವೇನಿಯಾದ ಮಾರಿಬೋರ್ ಪಟ್ಟಣದ ಜೋರಾ ಯಾಂಜೆಕೊವಿಚ್ ಅವರು, ಸತ್ತ ಚರ್ಮ ತಾನಾಗಿ ಕಳಚುವವರೆಗೆ ವಾರಗಟ್ಟಲೆ ಕಾಯದೆ, ಮೊದಲ ಕೆಲವು ದಿನಗಳಲ್ಲೇ ತೆಳುವಾಗಿ ಹೆರೆದು ಕಸಿ ಮಾಡುವ ಕ್ರಮವನ್ನು 1970ರಲ್ಲಿ ಜಗತ್ತಿನ ಮುಂದಿಟ್ಟರು. ಟಿ ಕೋಶದ ಹೆಸರು ಎತ್ತದೆಯೇ ಅದನ್ನು ಮಂಕು ಮಾಡುವ ಮೂಲವನ್ನು ಅವರು ತೆಗೆದುಹಾಕಿದ್ದರು.

ಹೆರೆದ ಮೇಲೆ ಗಾಯ ಮುಚ್ಚಬೇಕು. ಅರ್ಧ ಮೈ ಸುಟ್ಟವರಲ್ಲಿ ಸ್ವಂತ ಚರ್ಮ ಎಲ್ಲಿ ಉಳಿದಿರುತ್ತದೆ? ಮತ್ತೆ ಎರವಲು ಚರ್ಮವೇ ಗತಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಮಂದಿ ಮಧ್ಯಮ ಅಥವಾ ತೀವ್ರ ಸುಟ್ಟಗಾಯಕ್ಕೆ ಒಳಗಾಗುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಇಂಥ ಬ್ಯಾಂಕುಗಳು ಮೃತರ ತೊಡೆ, ಕಾಲು, ಬೆನ್ನಿನಿಂದ ತೆಗೆದ ತೆಳುಪದರವನ್ನು ಶೇ. 85ರ ಗ್ಲಿಸರಾಲ್‌ನಲ್ಲಿ ತಣ್ಣಗಿಟ್ಟು ಕಾಪಾಡುತ್ತವೆ. ಅದರ ಕೋಶಗಳು ಸತ್ತಿರುವುದರಿಂದ ದೇಹದ ವಿರೋಧವೂ ಕಡಿಮೆ. ಕೆಲವು ವಾರ ಗಾಯ ಮುಚ್ಚಿ, ಸೋಂಕನ್ನು ಹೊರಗಿಟ್ಟು, ಟಿ ಕೋಶಗಳು ಚೇತರಿಸಿಕೊಂಡು ತಳ್ಳುವ ಹೊತ್ತಿಗೆ ಅದು ಜಾಗ ಬಿಡುತ್ತದೆ.

ಮನೆಯಲ್ಲಿ ಸಾವಾದಾಗ ಕಣ್ಣಿನ ದಾನವನ್ನು ನೆನೆಯುವವರು ಚರ್ಮವನ್ನೂ ನೆನೆಯಿರಿ. ರಕ್ತದ ಗುಂಪು ಹೊಂದಬೇಕಿಲ್ಲ, ಮುಖ ಕೆಡುವುದಿಲ್ಲ. ಆರು ಗಂಟೆಯೊಳಗೆ ಚರ್ಮ ತೆಗೆಯಬೇಕಾದ್ದರಿಂದ ಕೂಡಲೇ ಫೋನ್ ಮಾಡಬೇಕು, ಅಷ್ಟೆ.