ಬಿ ಫಾರಂಗಿಂತ ಮೊದಲು: ವಿಜಯಪುರ ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ಅಭ್ಯರ್ಥಿ ಆಯ್ಕೆ ಮತ್ತು ಪ್ರಗತಿಪರ ರಾಜಕಾರಣ

ಮತದಾರ ಯಾರನ್ನು ಆರಿಸಿದ, ಏಕೆ ಆರಿಸಿದ ಎಂಬ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಆದರೆ ಅವನ ಮುಂದೆ ಆ ಹೆಸರುಗಳನ್ನು ತಂದಿಟ್ಟವರು ಯಾರು ಎಂಬ ಪ್ರಶ್ನೆ ಟಿಕೆಟ್ ಹಂಚಿಕೆಯ ಗದ್ದಲ ಅಡಗಿದೊಡನೆ ಮರೆತುಹೋಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕ್ಷೇತ್ರಗಳನ್ನು ಮುಂದಿಟ್ಟುಕೊಂಡು ಈ ಲೇಖನ ಆ ಪ್ರಶ್ನೆಯನ್ನು ಮತ್ತೆ ಎತ್ತುತ್ತದೆ. ರೈತ, ದಲಿತ, ಮಹಿಳಾ ಚಳವಳಿಗಳು ಬಿ ಫಾರಂ (ಅಭ್ಯರ್ಥಿಗೆ ಪಕ್ಷ ಕೊಡುವ ಅಧಿಕೃತ ಪತ್ರ) ಹಂಚಿಕೆ ಮುಗಿದ ಮೇಲೆ ಬೆಂಬಲ ಘೋಷಿಸುತ್ತಿರುವವರೆಗೆ ಅವುಗಳ ಬೇಡಿಕೆಗಳಿಗೆ ಅಭ್ಯರ್ಥಿ ಸಿಗುವುದಿಲ್ಲ ಎಂಬುದು ಇಲ್ಲಿನ ವಾದ.

2008ರ ಕ್ಷೇತ್ರ ಮರುವಿಂಗಡಣೆಯ ನಂತರ ಈ ನಾಲ್ಕು ಕ್ಷೇತ್ರಗಳಲ್ಲಿ ನಾಲ್ಕು ಸಾರ್ವತ್ರಿಕ ಚುನಾವಣೆಗಳು ನಡೆದಿವೆ. 2021ರಲ್ಲಿ ಸಿಂದಗಿ ಉಪಚುನಾವಣೆಯೂ ನಡೆಯಿತು. ಒಟ್ಟು 17 ಸ್ಪರ್ಧೆಗಳಲ್ಲಿ ಗೆದ್ದವರು 9 ಜನ ಮಾತ್ರ. ಮುದ್ದೇಬಿಹಾಳದಲ್ಲಿ ಸಿ.ಎಸ್. ನಾಡಗೌಡ ಮೂರು ಸಲ, ಇಂಡಿಯಲ್ಲಿ ಯಶವಂತರಾಯಗೌಡ ಪಾಟೀಲ ಮತ್ತು ಬಾಗೇವಾಡಿಯಲ್ಲಿ ಶಿವಾನಂದ ಪಾಟೀಲ ಸತತ ಮೂರು ಸಲ, ಸಿಂದಗಿಯಲ್ಲಿ ರಮೇಶ ಭೂಸನೂರ ಉಪಚುನಾವಣೆ ಸೇರಿ ಮೂರು ಸಲ ಗೆದ್ದಿದ್ದಾರೆ. ಈ 9 ಜನರಲ್ಲಿ ಒಬ್ಬ ಮಹಿಳೆಯೂ ಇಲ್ಲ, ಒಬ್ಬ ಪಕ್ಷೇತರರೂ ಇಲ್ಲ. ಇವರ ವೈಯಕ್ತಿಕ ಯೋಗ್ಯತೆಯನ್ನು ಅಳೆಯುವುದು ನನ್ನ ಉದ್ದೇಶವಲ್ಲ. ಆಯ್ಕೆಯ ಬಾಗಿಲು ಎಷ್ಟು ಕಿರಿದು ಎಂಬುದನ್ನು ಈ ಲೆಕ್ಕ ಹೇಳುತ್ತದೆ.

ಪಕ್ಷದ ಚಿಹ್ನೆ ಕಂಡರೆ ಸಾಕು, ಜನ ಒತ್ತುತ್ತಾರೆ ಎನ್ನುವವರಿಗೆ ಇಂಡಿಯ ಇತಿಹಾಸವೇ ಉತ್ತರ. 1994, 1999, 2004 ಹೀಗೆ ಸತತ ಮೂರು ಚುನಾವಣೆಗಳಲ್ಲಿ ಇಂಡಿಯ ಮತದಾರರು ರವಿಕಾಂತ ಪಾಟೀಲರನ್ನು ಪಕ್ಷೇತರರಾಗಿಯೇ ಗೆಲ್ಲಿಸಿದರು. ರಾಜ್ಯದಲ್ಲಿ ಜನತಾದಳದ ಅಲೆ ಇದ್ದಾಗಲೂ, ಎಸ್.ಎಂ. ಕೃಷ್ಣ ನೇತೃತ್ವದಲ್ಲಿ ಕಾಂಗ್ರೆಸ್ ಗೆದ್ದಾಗಲೂ ಭೀಮಾತೀರದ ಈ ತಾಲ್ಲೂಕು ಪಕ್ಷಗಳು ಕೊಟ್ಟ ಹೆಸರುಗಳನ್ನು ಒಪ್ಪಲಿಲ್ಲ. ಇದನ್ನು ಮತದಾರರೇ ನಡೆಸಿದ ಅಭ್ಯರ್ಥಿ ಆಯ್ಕೆ ಎಂದು ಕರೆಯಬಹುದು. ಆದರೆ ಅದು ವ್ಯಕ್ತಿಯ ಸುತ್ತ ಕಟ್ಟಿದ ಗೆಲುವಾಗಿತ್ತು. ಗುಳೆ ಹೋಗುವ ಕುಟುಂಬಗಳ ಬಗ್ಗೆಯೋ ಒಣಬೇಸಾಯದ ಬಗ್ಗೆಯೋ ಒಂದು ಕಾರ್ಯಕ್ರಮವನ್ನು ಹೊತ್ತು ಮುಂದೆ ನಡೆಯುವ ಸಂಘಟನೆ ಅದರಿಂದ ಬೆಳೆಯಲಿಲ್ಲ. 2008ರಲ್ಲಿ ಕ್ಷೇತ್ರ ಬಿಜೆಪಿಗೆ, ಆಮೇಲೆ ಕಾಂಗ್ರೆಸ್ಸಿಗೆ ಹೋಯಿತು.

ಕಾನೂನು ಕೂಡ ಪಕ್ಷದ ಕಡೆಗೇ ವಾಲಿದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಒಬ್ಬ ಸೂಚಕರು ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಪಕ್ಷದವರ ಚಿಹ್ನೆ ವರ್ಷಗಟ್ಟಲೆ ಗೋಡೆಗಳ ಮೇಲಿರುತ್ತದೆ. ಪಕ್ಷೇತರರಿಗೆ ನಾಮಪತ್ರ ಹಿಂಪಡೆಯುವ ಅವಧಿ ಮುಗಿದ ಮೇಲೆಯೇ ಚಿಹ್ನೆ ಸಿಗುತ್ತದೆ. ಅದನ್ನು ಹಳ್ಳಿ ಹಳ್ಳಿಗೆ ಪರಿಚಯಿಸಲು ಉಳಿಯುವುದು ಎರಡು ವಾರ. 1968ರ ಚಿಹ್ನೆಗಳ ಆದೇಶದಂತೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಪಕ್ಷದ ಅಧಿಕೃತ ಪತ್ರ ಚುನಾವಣಾಧಿಕಾರಿಯ ಕೈ ಸೇರಬೇಕು. ಆ ಪತ್ರಕ್ಕೆ ಸಹಿ ಹಾಕುವವರು ಯಾರ ಅಭಿಪ್ರಾಯ ಕೇಳಬೇಕು ಎಂಬುದನ್ನು ಮಾತ್ರ ಯಾವ ಕಾನೂನೂ ಹೇಳುವುದಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ವಿಧಿ ಪಕ್ಷಗಳಿಂದ ಸಂವಿಧಾನ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವಗಳಿಗೆ ನಿಷ್ಠೆಯ ಮಾತು ಪಡೆದು ಸುಮ್ಮನಾಗುತ್ತದೆ. ಪಕ್ಷದೊಳಗಿನ ಪ್ರಜಾಪ್ರಭುತ್ವವನ್ನು ಕಾನೂನಿಗೆ ತರಬೇಕೆಂದು ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ 1999ರಲ್ಲೇ ಹೇಳಿತ್ತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1904ರಷ್ಟು ಹಿಂದೆಯೇ ಅಭ್ಯರ್ಥಿ ಆಯ್ಕೆಯನ್ನು ಪಕ್ಷದ ಯಜಮಾನರಿಂದ ಕಿತ್ತು ಮತಪೆಟ್ಟಿಗೆಗೆ ಒಪ್ಪಿಸಿತು. 2018ರಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್, 2025ರಲ್ಲಿ ಜೊಹ್ರಾನ್ ಮಮ್ದಾನಿ ನ್ಯೂಯಾರ್ಕಿನಲ್ಲಿ ಪಕ್ಷದ ಹಿರಿತಲೆಗಳನ್ನು ಒಳಚುನಾವಣೆಯಲ್ಲೇ ಸೋಲಿಸಿದ್ದು ಆ ವ್ಯವಸ್ಥೆಯ ಫಲ. ಕರ್ನಾಟಕಕ್ಕೂ ಇದರ ಒಂದು ಎಳೆ ಬಂದಿತ್ತು. 2014ರ ಲೋಕಸಭಾ ಚುನಾವಣೆಗೆ ರಾಹುಲ್ ಗಾಂಧಿ ಕಾಂಗ್ರೆಸ್ಸಿನಲ್ಲಿ ಆರಂಭಿಸಿದ ಒಳಚುನಾವಣೆಯ ಪ್ರಯೋಗದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಕ್ಷೇತ್ರಗಳಿದ್ದವು. ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಒಳಚುನಾವಣೆ ಗೆದ್ದರು, ಚುನಾವಣೆಯಲ್ಲಿ ಸೋತರು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಚುನಾಯಿತ ಪ್ರತಿನಿಧಿಗಳು. ಸಾಮಾನ್ಯ ಸದಸ್ಯನಿಗೆ ಮತವಿರಲಿಲ್ಲ. ವಡೋದರಾದಲ್ಲಂತೂ ಒಳಚುನಾವಣೆ ಗೆದ್ದ ನರೇಂದ್ರ ರಾವತ್ ದೆಹಲಿ ಕಳಿಸಿದ ಮಧುಸೂದನ ಮಿಸ್ತ್ರಿಗೆ ಜಾಗ ಬಿಡಬೇಕಾಯಿತು. ಪ್ರಯೋಗ ಸತ್ತದ್ದು ಸೋಲಿನಿಂದಲ್ಲ, ಹೈಕಮಾಂಡಿನ ಈ ಅಪನಂಬಿಕೆಯಿಂದ ಎಂದು ನಾನು ತಿಳಿಯುತ್ತೇನೆ.

ಮುಂದೆ ಹಾದಿ ಇನ್ನೂ ಇಕ್ಕಟ್ಟಾಯಿತು. 2023ರ ಚುನಾವಣೆಗೆ ಟಿಕೆಟ್ ಕೇಳಿ ಅರ್ಜಿ ಹಾಕಲು ರಾಜ್ಯ ಕಾಂಗ್ರೆಸ್ ಸಮಿತಿ (ಕೆಪಿಸಿಸಿ) 5,000 ರೂಪಾಯಿ ಅರ್ಜಿ ಶುಲ್ಕದ ಜೊತೆಗೆ ಸಾಮಾನ್ಯ ವರ್ಗದವರಿಂದ 2 ಲಕ್ಷ, ಪರಿಶಿಷ್ಟರಿಂದ 1 ಲಕ್ಷ ರೂಪಾಯಿ ಕೇಳಿತು. ಚುನಾವಣಾ ಆಯೋಗ ಸಾಮಾನ್ಯ ಅಭ್ಯರ್ಥಿಯಿಂದ ಪಡೆಯುವ ಠೇವಣಿ 10,000 ಮಾತ್ರ. ನಾರಾಯಣಪುರ ಕಾಲುವೆಯ ಕೊನೆಯ ಹೊಲಕ್ಕೆ ನೀರು ಕೇಳಿ ಧರಣಿ ಕೂಡುವ ರೈತ ಕಾರ್ಯಕರ್ತ ಈ ಹೊಸ್ತಿಲು ದಾಟುವುದು ಹೇಗೆ? ಬಿಜೆಪಿ 2023ರ ಮಾರ್ಚ್ ಕೊನೆಯಲ್ಲಿ ಕ್ಷೇತ್ರವಾರು ಪದಾಧಿಕಾರಿಗಳಿಂದ ಗುಪ್ತ ಮತ ಪಡೆಯಿತು. ಆ ಪೆಟ್ಟಿಗೆಗಳಲ್ಲಿ ಏನಿತ್ತೆಂದು ಮತ ಹಾಕಿದವರಿಗೂ ಹೇಳಲಿಲ್ಲ.

ಟಿಕೆಟ್ ಮೇಲಿನಿಂದ ಬರುವಾಗ ಪಕ್ಷ ಬದಲಿಸುವುದೇ ಸ್ಥಳೀಯ ನಾಯಕರ ದಾರಿಯಾಗುತ್ತದೆ. ಎ.ಎಸ್. ಪಾಟೀಲ ನಡಹಳ್ಳಿ ದೇವರ ಹಿಪ್ಪರಗಿಯ ಕಾಂಗ್ರೆಸ್ ಶಾಸಕರಾಗಿದ್ದು, ತಮ್ಮದೇ ಸರಕಾರವನ್ನು ಟೀಕಿಸಿ, 2018ರಲ್ಲಿ ಬಿಜೆಪಿಯಿಂದ ಮುದ್ದೇಬಿಹಾಳ ಗೆದ್ದರು. ಸಿಂದಗಿಯ ಜೆಡಿಎಸ್ ಶಾಸಕ ಎಂ.ಸಿ. ಮನಗೂಳಿ ತೀರಿಕೊಂಡ ಮೇಲೆ ಮಗ ಅಶೋಕ ಮನಗೂಳಿ ಕಾಂಗ್ರೆಸ್ಸಿನಿಂದ ನಿಂತು 2021ರಲ್ಲಿ 31,185 ಮತಗಳಿಂದ ಸೋತು, 2023ರಲ್ಲಿ ಗೆದ್ದರು. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಿದಾಗ ನೆಲ ಕಳೆದುಕೊಳ್ಳುವವರ ಪುನರ್ವಸತಿ, ಭೂಮಿಯಿಲ್ಲದ ದಲಿತ ಕುಟುಂಬ, ಕಬ್ಬಿನ ಬಾಕಿ, ಇವುಗಳಲ್ಲಿ ಯಾವುದನ್ನಿಟ್ಟುಕೊಂಡೂ ಯಾವ ಪಕ್ಷದೊಳಗೂ ಆಕಾಂಕ್ಷಿಗಳ ನಡುವೆ ಬಹಿರಂಗ ಚರ್ಚೆ ನಡೆಸುವ ಪದ್ಧತಿ ಇಲ್ಲ.

2023ರಲ್ಲಿ ಚಳವಳಿಗಳ ‘ಎದ್ದೇಳು ಕರ್ನಾಟಕ’ ವೇದಿಕೆ ಬಿಜೆಪಿ ವಿರೋಧಿ ಮತ ಒಡೆಯದಂತೆ ದುಡಿಯಿತು. ಆ ಹೊತ್ತಿಗೆ ಅದು ಸರಿಯಾದ ನಿಲುವು. ನಮ್ಮ ನಾಲ್ಕೂ ಕ್ಷೇತ್ರಗಳು ಕಾಂಗ್ರೆಸ್ಸಿನ ಪಾಲಾದವು. ಆದರೆ ಎದುರಾಳಿಯನ್ನು ತಡೆಯಲು ಕೊಟ್ಟ ಮತ ಗೆದ್ದವರನ್ನು ಯಾವ ಮಾತಿಗೂ ಕಟ್ಟಿಹಾಕುವುದಿಲ್ಲ. ಅದೇ ವರ್ಷ ಮೇಲುಕೋಟೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯನ್ನೇ ಹಾಕದೆ ಸರ್ವೋದಯ ಕರ್ನಾಟಕದ ದರ್ಶನ್ ಪುಟ್ಟಣ್ಣಯ್ಯ ಅವರನ್ನು ಬೆಂಬಲಿಸಿತು, ಅವರು ಗೆದ್ದರು. ಅಲ್ಲಿ ಮಾತುಕತೆ ಬಿ ಫಾರಂಗಿಂತ ಮೊದಲೇ ನಡೆದಿತ್ತು. ಅದರ ಹಿಂದೆ ಕೆ.ಎಸ್. ಪುಟ್ಟಣ್ಣಯ್ಯ ದಶಕಗಳ ಕಾಲ ಕಟ್ಟಿದ ರೈತಸಂಘದ ಬಲವಿತ್ತು.

ಸದಸ್ಯರ ಮತಕ್ಕೆ ಬಿಟ್ಟರೆ ದುಡ್ಡು, ಜಾತಿಬಲ ಇದ್ದವರೇ ಸದಸ್ಯತ್ವದ ಪುಸ್ತಕ ತುಂಬಿಸುತ್ತಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಸಹಕಾರಿ ಸಂಘಗಳ ಚುನಾವಣೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗಾಗಿ ಚುನಾವಣೆಗೆ ಒಂದು ವರ್ಷ ಮೊದಲೇ ಸದಸ್ಯರ ಪಟ್ಟಿ ಮುಚ್ಚಬೇಕು, ಅದು ಪಂಚಾಯಿತಿವಾರು ಪ್ರಕಟವಾಗಬೇಕು, ಅರ್ಜಿಗೆ ಹಣ ಕೇಳಬಾರದು, ಎಣಿಕೆ ಎಲ್ಲರೆದುರು ಆಗಬೇಕು. ಪಕ್ಷಗಳು ತಾವಾಗಿ ಇದನ್ನು ಮಾಡುವುದಿಲ್ಲ. ಮೊದಲ ಹೆಜ್ಜೆ ಸಂಘಟನೆಗಳದೇ ಆಗಬೇಕು: 2028ರ ಚುನಾವಣೆಯ ಟಿಕೆಟ್ ಚರ್ಚೆ ಶುರುವಾಗುವ ಮುನ್ನ ನಾಲ್ಕೂ ತಾಲ್ಲೂಕುಗಳಲ್ಲಿ ತಮ್ಮ ಆಯ್ಕೆಯ ಹೆಸರನ್ನು ಸಭೆ ಸೇರಿಸಿ ತೀರ್ಮಾನಿಸಬೇಕು. ಆ ಹೆಸರಿಗೆ ಬಿ ಫಾರಂ ಸಿಗದಿದ್ದರೆ ಬೆಂಬಲವೂ ಇಲ್ಲ ಎಂಬುದನ್ನು ಪಕ್ಷದ ವೀಕ್ಷಕರು ಬಂದ ದಿನವೇ ತಿಳಿಸಬೇಕು.