ಜಾಹೀರಾತಿನ ಕನ್ನಡಿಯಲ್ಲಿ ಸ್ತ್ರೀ

ವ್ಯಾಪಾರವೆಂದ ಮೇಲೆ ಪ್ರಚಾರ ಬೇಕು. ಸರಕಿನ ಗುಣವನ್ನು ನಾಲ್ಕು ಜನರಿಗೆ ತಿಳಿಸುವುದು ದೋಷವಲ್ಲ. ಆದರೆ ಆ ಗುಣವನ್ನು ಬದಿಗಿರಿಸಿ, ಕೊಳ್ಳುವವಳಲ್ಲಿಯೇ ಏನೋ ಕೊರತೆಯಿದೆಯೆಂದು ನಂಬಿಸಿ ಮಾರುವುದು ನ್ಯಾಯವೇ? ಹಳೆಯ ಪತ್ರಿಕೆಗಳ ಜಾಹೀರಾತುಗಳನ್ನು ತಿರುವಿ ಹಾಕುವಾಗ ಈ ಪ್ರಶ್ನೆ ಏಳದೆ ಇರದು.

ಸಾಬೂನಿನ ಚರಿತ್ರೆಯನ್ನೇ ನೋಡೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1918ರ ಸುಮಾರಿಗೆ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಅದರ ತಯಾರಿಕೆಗೆ ಶ್ರಮಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಅದಕ್ಕೆ ಲಾಂಛನವಾದದ್ದು ಸ್ತ್ರೀಯ ಮುಖವಲ್ಲ. ಆನೆಯ ತಲೆ, ಸಿಂಹದ ಒಡಲಿನ ಶರಭ.

1941ರಲ್ಲಿ ಮತ್ತೊಂದು ಸಾಬೂನಾದ ಲಕ್ಸ್‌ನ ಜಾಹೀರಾತಿನಲ್ಲಿ ಲೀಲಾ ಚಿಟ್ನಿಸ್ ಕಾಣಿಸಿಕೊಂಡರು. ಆ ಸಾಬೂನಿಗೆ ರೂಪದರ್ಶಿಯಾದ ಮೊದಲ ಭಾರತೀಯ ಚಿತ್ರನಟಿ ಅವರೇ. 1909ರಲ್ಲಿ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ತಂದೆ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು. ಸ್ತ್ರೀಯರಿಗೆ ಕಾಲೇಜಿನ ಬಾಗಿಲು ವಿರಳವಾಗಿ ತೆರೆಯುತ್ತಿದ್ದ ಕಾಲದಲ್ಲಿ ಆಕೆ ಪದವೀಧರೆ. ರಂಗಭೂಮಿಯಲ್ಲಿ ದುಡಿದು, 'ಕಂಗನ್', 'ಬಂಧನ್' ಚಿತ್ರಗಳಿಂದ ಕೀರ್ತಿ ಗಳಿಸಿದ್ದರು. ಸಾಬೂನಿಗೆ ಮಾತ್ರ ಬೇಕಾದದ್ದು ಆಕೆಯ ಮೈಕಾಂತಿ. ವಿದ್ಯೆ, ದುಡಿಮೆಗಳಿಗೆ ಅಲ್ಲಿ ಬೆಲೆ ಕಟ್ಟುವವರಿರಲಿಲ್ಲ.

ಕಾಂತಿಯ ಹೊಗಳಿಕೆ ಮುಂದೆ ಬಣ್ಣದ ಅಂಜಿಕೆಯಾಯಿತು. 1975ರಲ್ಲಿ 'ಫೇರ್ ಅಂಡ್ ಲವ್ಲಿ' ಮಾರುಕಟ್ಟೆಗೆ ಬಂತು. ಬಿಳುಪಿದ್ದರೆ ವರ, ಬಿಳುಪಿದ್ದರೆ ನೌಕರಿ ಎಂಬ ಪಾಠವನ್ನು ಇಂಥ ಜಾಹೀರಾತುಗಳು ಮನೆಮನೆಗೆ ಮುಟ್ಟಿಸಿದವು. ಕಂಪ್ಲಿ, ಸಂಡೂರಿನ ಬಿಸಿಲಲ್ಲಿ ಹೊಲ ಕಳೆದು ಬಂದ ಹೆಣ್ಣುಮಗಳಿಗೆ ಆಕೆಯ ದುಡಿಮೆಯ ಗುರುತೇ ಕಳಂಕವೆಂದು ಹೇಳಿದಂತಾಯಿತು. ಸ್ತ್ರೀಯರ ಅಸಭ್ಯ ಚಿತ್ರಣವನ್ನು ನಿಷೇಧಿಸುವ ಕಾನೂನು 1986ರಲ್ಲಿ ಬಂತು. ಆದರೆ ಸಭ್ಯ ಉಡುಪಿನಲ್ಲಿಯೇ ನಡೆಯುವ ಇಂಥ ಅವಮಾನವನ್ನು ಹಿಡಿಯುವುದು ಸುಲಭವಲ್ಲ. 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿಯು ಮೈಬಣ್ಣದ ತಾರತಮ್ಯ ಸಲ್ಲದೆಂದಿತು. 2020ರಲ್ಲಿ ಆ ಕ್ರೀಮಿನ ಹೆಸರೂ ಬದಲಾಯಿತು.

2025ರಲ್ಲಿ ಮೈಸೂರು ಸ್ಯಾಂಡಲ್‌ಗೂ ನಟಿಯೊಬ್ಬರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ಪ್ರಚಾರ ರಾಯಭಾರಿಯಾಗಿ ನೇಮಿಸಲಾಯಿತು. ಕನ್ನಡತಿಯನ್ನೇಕೆ ಆರಿಸಲಿಲ್ಲವೆಂದು ದೊಡ್ಡ ವಾದವೆದ್ದಿತು. ಗಂಧದ ಪರಿಮಳವನ್ನು ಮಾರಲು ಹೆಣ್ಣಿನ ಚೆಲುವೇಕೆ ಎಂಬ ಪ್ರಶ್ನೆಗೆ ಆ ಗದ್ದಲದಲ್ಲಿ ಎಡೆ ಸಿಗಲಿಲ್ಲ.

ತಕ್ಕಡಿಯಲ್ಲಿ ಒಂದು ಗುಂಜಿಯೂ ತಪ್ಪದ ವರ್ತಕನು ಜಾಹೀರಾತಿನಲ್ಲಿ ತೂಕ ತಪ್ಪಬಹುದು. ಕೊಳ್ಳುವವಳನ್ನು ಕುಗ್ಗಿಸಿ ಗಳಿಸಿದ ಲಾಭವನ್ನು ಖಾತೆಯ ಯಾವ ಬದಿಗೆ ಬರೆಯಬೇಕೆಂಬುದನ್ನು ವಾಚಕರು ವಿಚಾರಿಸಬೇಕು.