ಕಾಶಿಯ ಹಲಗೆಯೂ ಮಗುವಿನ ಪಾಟಿಚೀಲವೂ

ಜೂನ್ ಬಂತೆಂದರೆ ಮಗುವಿಗೆ ಯಾವ ಬ್ಯಾಗು ಒಳ್ಳೆಯದೆಂದು ಅಂಗಡಿ ಅಂಗಡಿ ಅಲೆಯುವವರು ಕಾಶಿಯ ವಿದ್ಯಾಭ್ಯಾಸದ ಚರಿತ್ರೆಯತ್ತ ಒಮ್ಮೆ ನೋಡಬೇಕು. ಓದು ಬೆನ್ನಿನ ಹೊರೆಯಾದದ್ದು ತೀರ ಈಚೆಗೆ. ಪುಸ್ತಕ ಎಲ್ಲಿರಬೇಕೆಂಬ ಏರ್ಪಾಡು ಬದಲಾದದ್ದೇ ಅದಕ್ಕೆ ಮುಖ್ಯ ಕಾರಣ. ಅಲ್ಲಿನ ವೇದಪಾಠ ಗುರುಮುಖದಿಂದ ಕೇಳಿ ಬಾಯಿಪಾಠ ಮಾಡುವಂಥದು. ಗ್ರಂಥಗಳನ್ನು ಬಟ್ಟೆಯಲ್ಲಿ ಸುತ್ತಿ ಗುರುವಿನ ಮನೆಯಲ್ಲೋ ಮಠದಲ್ಲೋ ಇಡುತ್ತಿದ್ದರು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಜೊನಾಥನ್ ಡಂಕನ್ ಸ್ಥಾಪಿಸಿದ ಸಂಸ್ಕೃತ ಕಾಲೇಜು ಇಂದಿನ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯವಾಗಿದ್ದು, ಅದರ ಹಸ್ತಪ್ರತಿಗಳು ಸರಸ್ವತೀ ಭವನದಲ್ಲಿವೆ. ಕನ್ನಡನಾಡಿನ ವಟುಗಳು ಹೋಗಿ ಓದುತ್ತ ಬಂದ ಜಂಗಮವಾಡಿ ಮಠದಲ್ಲೂ ವಸತಿ, ಪಾಠ ಒಂದೇ ಕಡೆ. ಪುಸ್ತಕ ಹೊತ್ತು ತಿರುಗುವ ಪ್ರಮೇಯವೇ ಇಲ್ಲ. ಆ ಸೀಮೆಯ ಊರಶಾಲೆಗಳಲ್ಲಿ ಮಕ್ಕಳು ಒಯ್ಯುತ್ತಿದ್ದದ್ದು ಮರದ ಹಲಗೆ. ಅದಕ್ಕೆ ಮಸಿ ಬಳಿದು, ಗಾಜಿನ ಸೀಸೆಯಿಂದ ಉಜ್ಜಿ ಹೊಳಪು ತಂದು, ನೀರಲ್ಲಿ ಕದಡಿದ ಬಿಳಿಮಣ್ಣಿಗೆ ಲಾಳದ ಕಡ್ಡಿ ಅದ್ದಿ ಬರೆಯುತ್ತಿದ್ದರು. ತೊಳೆದು ಮತ್ತೆ ಮಸಿ ಬಳಿದರೆ ಅದೇ ಹಲಗೆ ಮುಂದಿನ ಪಾಠಕ್ಕೂ ಆಗುತ್ತಿತ್ತು. ನಮ್ಮ ಸ್ಲೇಟು, ಬಳಪದ ಕಾಲದಲ್ಲೂ ಪಾಟಿಚೀಲ ಹಗುರವಾಗಿಯೇ ಇತ್ತು.

ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವಂತಿಲ್ಲ. ವೇದಪಾಠಶಾಲೆಯ ಬಾಗಿಲು ಹೆಣ್ಣುಮಕ್ಕಳಿಗೂ ಬಹುಪಾಲು ಜಾತಿಗಳಿಗೂ ಮುಚ್ಚಿತ್ತು. ಬಾಯಿಪಾಠದ ಭಾರವೂ ಸಣ್ಣದಲ್ಲ. ಓದಿನ ಬಾಗಿಲು ತೆರೆಯುವುದರಲ್ಲಿ ಅಚ್ಚಿನ ಪಠ್ಯಪುಸ್ತಕದ ಪಾಲು ದೊಡ್ಡದು. ಆದರೆ ವಿಷಯಕ್ಕೊಂದು ಪಠ್ಯ, ಒಂದು ನೋಟ್ಸು, ಒಂದು ವರ್ಕ್‌ಬುಕ್ ಸೇರಿಕೊಂಡು, ಅವನ್ನು ಇಡಲು ಶಾಲೆಯಲ್ಲಿ ಜಾಗವಿಲ್ಲದಾದಾಗ ಕಪಾಟಿನ ಕೆಲಸ ಮಗುವಿನ ಪಾಲಿಗೆ ಬಂತು. ರಾಜ್ಯಸಭೆಯಲ್ಲಿ ಇದನ್ನು ಗಟ್ಟಿಯಾಗಿ ಎತ್ತಿದವರು ಮೈಸೂರಿನ ಕಾದಂಬರಿಕಾರ ಆರ್.ಕೆ. ನಾರಾಯಣ್, 1989ರಲ್ಲಿ. ಕೇಂದ್ರ ಸರ್ಕಾರ ನೇಮಿಸಿದ ಪ್ರೊ. ಯಶಪಾಲ್ ಸಮಿತಿ 1993ರ ವರದಿಯಲ್ಲಿ ಇನ್ನೂ ಮುಂದೆ ಹೋಗಿ, ಚೀಲದ ತೂಕಕ್ಕಿಂತ ಅರ್ಥವಾಗದ ಪಾಠದ ಹೊರೆ ದೊಡ್ಡದೆಂದಿತು. ಕರ್ನಾಟಕ ಸರ್ಕಾರ 2019ರಲ್ಲಿ ಒಂದು, ಎರಡನೇ ತರಗತಿಗೆ 1.5ರಿಂದ 2 ಕಿಲೋ, ಒಂಬತ್ತು, ಹತ್ತನೇ ತರಗತಿಗೆ 4ರಿಂದ 5 ಕಿಲೋ ಮಿತಿ ಹಾಕಿತು. 2020ರ ರಾಷ್ಟ್ರೀಯ ಶಾಲಾಚೀಲ ನೀತಿ ಹೇಳಿದ್ದು, ಮಗುವಿನ ತೂಕದ ಶೇ 10ಕ್ಕಿಂತ ಹೆಚ್ಚು ಬೇಡ ಎಂದು.

ಒಳ್ಳೆಯ ಬ್ಯಾಗು ಕೊಂಡರೆ ಸಾಲದೇ ಎಂದು ಕೇಳಬಹುದು. ಅಗಲವಾದ, ಮೆತ್ತೆಯಿರುವ ಎರಡು ಪಟ್ಟಿ, ಬೆನ್ನಿಗೆ ಅಂಟಿ ನಿಲ್ಲುವ ಹೊಲಿಗೆ, ಸೊಂಟದ ಕೆಳಗೆ ಜೋಲದ ಅಳತೆ ಇವೆಲ್ಲ ಬೇಕು. ಆದರೆ ಅವು ಭಾರವನ್ನು ಎರಡೂ ಹೆಗಲಿಗೆ ಹಂಚುತ್ತವೆಯೇ ಹೊರತು ಕಡಿಮೆ ಮಾಡುವುದಿಲ್ಲ; 'ಮುಂದಿನ ವರ್ಷಕ್ಕೂ ಆಗಲಿ' ಎಂದು ತಂದ ದೊಡ್ಡ ಬ್ಯಾಗು ಇನ್ನಷ್ಟು ತುಂಬಿಕೊಳ್ಳುತ್ತದೆ. ಗಾಲಿಯ ಬ್ಯಾಗು ಮೆಟ್ಟಿಲಲ್ಲಿ ಮತ್ತೆ ಕೈಭಾರವೇ. ಮನೆಪಾಠಕ್ಕೆ ಪುಸ್ತಕ ಬೇಡವೇ ಎಂಬ ಮಾತೂ ನ್ಯಾಯವೇ. ಅದಕ್ಕೆ ಆ ದಿನದ ಮನೆಪಾಠದ ಪುಸ್ತಕ ಸಾಕು, ಉಳಿದವು ತರಗತಿಯ ಕಪಾಟಿನಲ್ಲಿರಲಿ. 20 ಕಿಲೋ ತೂಗುವ ಮಗುವಿಗೆ ಬ್ಯಾಗು, ಬುತ್ತಿ, ನೀರಿನ ಬಾಟಲಿ ಸೇರಿ 2 ಕಿಲೋ ಮೀರಬಾರದು. ಬ್ಯಾಗು ಕೊಳ್ಳುವ ಮೊದಲು ತುಂಬಿದ ಚೀಲವನ್ನು ಒಮ್ಮೆ ತೂಗಿ ನೋಡಿ. ಮಿತಿ ಮೀರಿದ್ದರೆ ಅಂಗಡಿಗಿಂತ ಮೊದಲು ಶಾಲೆಗೆ ಹೋಗಿ ಕಪಾಟು ಕೇಳಿ.